ಡಬರಿಯೋ ಕೊಡವೋ? ಕೊನೆಗೆ ಚೀಟಿ ಎತ್ತುವವರ ಪಾಲೆಷ್ಟು?

ಪ್ರಶ್ನೆ: ಬೆಟಗೇರಿಯ ನಮ್ಮ ಓಣಿಯಲ್ಲಿ ಹನ್ನೆರಡು ಮನೆಯ ಹೆಂಗಸರು ಸೇರಿ ತಿಂಗಳ ಚೀಟಿ ನಡೆಸುತ್ತೇವೆ. ಖಾಲಿ ಚೀಟಿಗಳನ್ನು ಮಡಚಿ ಡಬರಿಗೆ ಹಾಕಿ, ಕೊನೆಗೆ ‘ಶ್ರೀ’ ಎಂದು ಬರೆದ ಒಂದು ಚೀಟಿಯನ್ನು ಹಾಕಿ, ಒಮ್ಮೆ ಅಲುಗಿಸಿ ಇಡುತ್ತೇವೆ. ‘ಶ್ರೀ’ ಯಾರ ಕೈಗೆ ಬರುತ್ತದೋ ಆ ತಿಂಗಳ ಹಣ ಅವರಿಗೆ. ಮುಂದಿನ ತಿಂಗಳುಗಳಲ್ಲಿ ಅವರು ಮತ್ತೆ ಎತ್ತುವಂತಿಲ್ಲ. ನಮ್ಮದು ಓಣಿಯ ಕಟ್ಟಕಡೆಯ ಮನೆ. ಹೀಗಾಗಿ ನಾನು ಯಾವಾಗಲೂ ಕೊನೆಗೆ ಎತ್ತುತ್ತೇನೆ, ನನ್ನ ಪಾಳಿ ಬರುವಷ್ಟರಲ್ಲಿ ‘ಶ್ರೀ’ ಹೋಗಿಯೇ ಇರುತ್ತದೆ. ಇದು ಅನ್ಯಾಯವಲ್ಲವೇ? ಇನ್ನೊಂದು: ಗಣಪತಿ ಹಬ್ಬದಲ್ಲಿ ವಂತಿಗೆ ಕೊಟ್ಟವರಿಗೆಲ್ಲ ಐದೈದು ಚೀಟಿ ಎತ್ತಲು ಬಿಟ್ಟಿದ್ದರು. ಒಂದು ಡಬರಿಯಲ್ಲಿ 10 ಚೀಟಿ, ಅದರಲ್ಲಿ 1 ಬಹುಮಾನ. ಒಂದು ಕೊಡದಲ್ಲಿ 100 ಚೀಟಿ, ಅದರಲ್ಲಿ 10 ಬಹುಮಾನ. ಬಹುಮಾನ ಎಲ್ಲಕ್ಕೂ ಒಂದೇ, ಸ್ಟೀಲ್ ತಾಟು. ಯಾವುದಾದರೂ ಒಂದಕ್ಕೆ ಮಾತ್ರ ಕೈ ಹಾಕಬೇಕು. ಒಬ್ಬರದು ಮುಗಿದ ಮೇಲೆ ಚೀಟಿಗಳನ್ನೆಲ್ಲ ಮತ್ತೆ ತುಂಬಿಡುತ್ತಿದ್ದರು. ಹತ್ತನೆಯ ತರಗತಿಯ ನನ್ನ ಮಗ ‘ಕೊಡದಲ್ಲಿ ಹತ್ತು ಬಹುಮಾನ ಇವೆ, ಅದೇ ಮೇಲು’ ಎಂದ. ನಮ್ಮ ಮನೆಯವರು ‘ಎರಡೂ ಒಂದೇ’ ಎಂದರು. ನಾನು ಡಬರಿಯಿಂದ ಎತ್ತಿದೆ, ಐದೂ ಖಾಲಿ. ಯಾರ ಮಾತು ಸರಿ?

ಉತ್ತರ: ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮೂವರೂ ಈ ಪುಟವನ್ನು ಹಿಡಿದು ಎಳೆದಾಡುತ್ತೀರಿ. ಎತ್ತುವುದು ಒಂದೇ ಚೀಟಿಯಾಗಿದ್ದರೆ ನಿಮ್ಮ ಮನೆಯವರ ಮಾತು ಸರಿ. ಐದು ಎತ್ತಿದ್ದರಿಂದ ಅವರ ಮಾತು ತಪ್ಪಾಯಿತು. ಮಗನ ಮಾತು, ಅವನು ಕೊಟ್ಟ ಕಾರಣವನ್ನು ನೋಡಿದರೆ, ಎರಡು ಕಡೆಯೂ ನಿಲ್ಲುವುದಿಲ್ಲ. ನೀವು ಡಬರಿಗೆ ಕೈ ಹಾಕಿದ್ದೇ ಜಾಣತನ. ತಾಟು ಸಿಗಲಿಲ್ಲ ಎಂಬುದರಿಂದ ಆ ಜಾಣತನಕ್ಕೆ ಕುಂದಿಲ್ಲ. ಚೀಟಿಯ ದೂರಿಗೆ ಕೊನೆಯಲ್ಲಿ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನೀವೇ ಗಮನಿಸದ ಒಂದು ಮಾತು ಅಲ್ಲಿ ಅಡಗಿದೆ.

ಮಗನಿಂದ ಶುರು ಮಾಡೋಣ. ಹತ್ತು ಬಹುಮಾನ ಇರುವುದು ನಿಜ, ಆದರೆ ಅವುಗಳ ಸುತ್ತ ತೊಂಬತ್ತು ಖಾಲಿ ಚೀಟಿಗಳಿವೆ. ಒಂದು ಚೀಟಿ ಎತ್ತುವಾಗ ಲೆಕ್ಕಕ್ಕೆ ಬರುವುದು ಬಹುಮಾನಗಳ ಸಂಖ್ಯೆಯಲ್ಲ, ಒಟ್ಟು ಚೀಟಿಗಳಲ್ಲಿ ಅವುಗಳ ಪಾಲು. 10ರಲ್ಲಿ 1, 100ರಲ್ಲಿ 10: ಭಿನ್ನರಾಶಿಯನ್ನು ಚಿಕ್ಕದು ಮಾಡಿದರೆ ಎರಡೂ ಒಂದೇ. ಇಷ್ಟು ಸಲೀಸಾಗಿ ಕಾಣದ ಕಡೆ ಅಡ್ಡ ಗುಣಾಕಾರ ಮಾಡಬೇಕು. 8 ಚೀಟಿಗಳಲ್ಲಿ 3 ಬಹುಮಾನ ಮೇಲೋ, 13ರಲ್ಲಿ 5 ಮೇಲೋ? 3 × 13 = 39, 5 × 8 = 40; ಕೂದಲೆಳೆಯಷ್ಟು ಅಂತರದಲ್ಲಿ ಎರಡನೆಯದೇ ಮೇಲು. ಪರೀಕ್ಷೆಗೆ ಅವನಿಗೆ ಇಷ್ಟು ಸಾಕು.

ಅವನನ್ನು ಬಯ್ಯಬೇಡಿ, ದೊಡ್ಡವರೂ ಇಲ್ಲಿಯೇ ಎಡವುತ್ತಾರೆ. ವೆರೋನಿಕಾ ಡೆನೆಸ್-ರಾಜ್ ಮತ್ತು ಸೇಮೋರ್ ಎಪ್‌ಸ್ಟೀನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1994ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಚಿಕ್ಕ ಬಟ್ಟಲಿನಲ್ಲಿ 10 ಮಿಠಾಯಿ, ಒಂದು ಕೆಂಪು. ದೊಡ್ಡ ಬಟ್ಟಲಿನಲ್ಲಿ 100 ಮಿಠಾಯಿ, ಕೆಂಪು ಮಾತ್ರ ಹತ್ತಕ್ಕಿಂತ ಕಡಿಮೆ: ಒಮ್ಮೆ 9, ಒಮ್ಮೆ 7, ಹೀಗೆ. ಕೆಂಪು ಎತ್ತಿದವರಿಗೆ ಹಣ. ದೊಡ್ಡ ಬಟ್ಟಲಿನಲ್ಲಿ ಅವಕಾಶ ಕಡಿಮೆ ಎಂದು ಗೊತ್ತಿದ್ದರೂ ಅನೇಕರು ಅದಕ್ಕೇ ಕೈ ಹಾಕಿದರು. ಕಣ್ಣಿಗೆ ಏಳು ಕೆಂಪು ಮಿಠಾಯಿ ಎದ್ದು ಕಾಣುತ್ತವೆ. ಉಳಿದ ತೊಂಬತ್ತಮೂರು ಹಿನ್ನೆಲೆಯಾಗಿ ಕರಗಿ ಹೋಗುತ್ತವೆ. ನಿಮ್ಮ ಮಗನಿಗೆ ಆದದ್ದೂ ಇದೇ.

ಈಗ ಐದು ಚೀಟಿಗಳ ವಿಷಯ. ತಿರುಳು ಇರುವುದು ಇಲ್ಲಿ. ನಿಮ್ಮ ಮನೆಯವರು ‘ಪಾಲು ಒಂದೇ ಆದ ಮೇಲೆ ಎಷ್ಟು ಎತ್ತಿದರೇನು’ ಎಂದುಕೊಂಡರು. ಮೂವತ್ತು ವರ್ಷ ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು ನಾನು. ಈ ತಪ್ಪನ್ನು ಪದವಿ ತರಗತಿಯ ಉತ್ತರಪತ್ರಿಕೆಗಳಲ್ಲಿ ಎಷ್ಟು ಸಲ ಕೆಂಪು ಶಾಯಿಯಲ್ಲಿ ಸುತ್ತಿದ್ದೇನೋ ಲೆಕ್ಕವಿಲ್ಲ.

ಡಬರಿಯ ಲೆಕ್ಕ ಸುಲಭ. ಹತ್ತರಲ್ಲಿ ಐದು ಚೀಟಿ ನಿಮ್ಮ ಕೈಯಲ್ಲಿವೆ, ಐದು ಒಳಗೆ ಉಳಿದಿವೆ. ಬಹುಮಾನದ ಚೀಟಿ ಈ ಐದರಲ್ಲಾದರೂ ಇರಬೇಕು, ಆ ಐದರಲ್ಲಾದರೂ ಇರಬೇಕು. ಸರಿಯಾಗಿ ಅರ್ಧ, ಶೇಕಡಾ 50.

ಕೊಡಕ್ಕೆ ಇದೇ ಜಾಡು ಹಿಡಿದು ‘ಒಂದಕ್ಕೆ ಶೇಕಡಾ 10, ಐದಕ್ಕೆ 50’ ಎಂದು ಕೂಡಿಸುವಂತಿಲ್ಲ. ಹಾಗೆ ಕೂಡಿಸುತ್ತ ಹೋದರೆ ಹನ್ನೊಂದು ಚೀಟಿ ಎತ್ತಿದವರಿಗೆ ಶೇಕಡಾ 110 ಅವಕಾಶ ಬಂದುಬಿಡುತ್ತದೆ. ಅಂಥ ಅದೃಷ್ಟವಂತರು ಗದಗಿನಲ್ಲಿ ಇರಲಿಕ್ಕಿಲ್ಲ. ಇಂಥ ಕಡೆ ಲೆಕ್ಕವನ್ನು ತಿರುಗಿಸಿ ಹಿಡಿಯಬೇಕು: ಐದೂ ಖಾಲಿ ಬರುವ ಸಂಭವ ಎಷ್ಟು? ಮೊದಲನೆಯದು ಖಾಲಿ ಬರಲು 100ರಲ್ಲಿ 90. ಅದು ಖಾಲಿ ಬಂತೆನ್ನಿ, ಉಳಿದ 99ರಲ್ಲಿ ಖಾಲಿ 89. ಆಮೇಲೆ 98ರಲ್ಲಿ 88, 97ರಲ್ಲಿ 87, 96ರಲ್ಲಿ 86. ಈ ಐದು ಭಿನ್ನರಾಶಿಗಳನ್ನು ಗುಣಿಸಿದರೆ 0.584 ಬರುತ್ತದೆ. ಮೊಬೈಲ್‌ನ ಕ್ಯಾಲ್ಕುಲೇಟರಿನಲ್ಲಿ ಮಗನಿಂದಲೇ ಮಾಡಿಸಿ. ಅಂದರೆ ಕೊಡದಿಂದ ಬರಿಗೈಯಲ್ಲಿ ಮರಳುವ ಸಂಭವ ಶೇಕಡಾ 58.4, ಒಂದಾದರೂ ತಾಟು ಸಿಗುವ ಸಂಭವ 41.6. ಡಬರಿಯಲ್ಲಿ 50.

ಎಂಟು ಅಂಶಗಳ ಈ ಅಂತರ ಎಲ್ಲಿಂದ ಬಂತು? ಖಾಲಿ ಚೀಟಿ ಹೊರಗೆ ಬಂದಾಗ ಒಳಗೆ ಏನಾಗುತ್ತದೆ ಎಂದು ನೋಡಿ. ಡಬರಿಯಿಂದ ಒಂದು ಖಾಲಿ ಹೊರಬಿತ್ತು, ಉಳಿದ 9ರಲ್ಲಿ 1 ಬಹುಮಾನ. ಇನ್ನೊಂದು ಹೊರಬಿತ್ತು, 8ರಲ್ಲಿ 1. ಐದನೆಯದನ್ನು ಎತ್ತುವಾಗ 6ರಲ್ಲಿ 1, ಹೆಚ್ಚುಕಡಿಮೆ ಶೇಕಡಾ 17. ನಿಮ್ಮ ಒಂದೊಂದು ಸೋಲೂ ಮುಂದಿನ ಕೈಗೆ ದಾರಿ ಹಸನು ಮಾಡುತ್ತ ಹೋಯಿತು. ಕೊಡದಲ್ಲಿ ನಾಲ್ಕು ಖಾಲಿ ಹೊರಬಿದ್ದರೂ 96ರಲ್ಲಿ 10, ಶೇಕಡಾ 10.4. ಸಮುದ್ರದಿಂದ ನಾಲ್ಕು ಚೊಂಬು ನೀರು ತೆಗೆದಂತೆ. ಹತ್ತೂ ಚೀಟಿ ಎತ್ತಲು ಬಿಟ್ಟಿದ್ದರಂತೂ ಡಬರಿಯಲ್ಲಿ ತಾಟು ಖಚಿತ. ಕೊಡದಲ್ಲಿ ಹತ್ತು ಎತ್ತಿದರೂ ಶೇಕಡಾ 67 ಮಾತ್ರ.

ಎತ್ತಿದ ಚೀಟಿಯನ್ನು ನೋಡಿ ಪ್ರತಿ ಸಲ ಮರಳಿ ಒಳಗೆ ಹಾಕಿ ಮುಂದಿನದನ್ನು ಎತ್ತಬೇಕು ಎಂಬ ನಿಯಮ ಇದ್ದಿದ್ದರೆ ಈ ಅಂತರವೇ ಇರುತ್ತಿರಲಿಲ್ಲ. ಆಗ ಎರಡರಲ್ಲೂ ಪ್ರತಿ ಸಲ ಶೇಕಡಾ 10, ಐದು ಸಲದಲ್ಲಿ ಒಮ್ಮೆಯಾದರೂ ಸಿಗುವುದು ಶೇಕಡಾ 41. ನಿಮ್ಮ ಮನೆಯವರು ಆಗಲೂ ಗೆಲ್ಲುತ್ತಿದ್ದರು. ಅದಕ್ಕೇ ಇಂಥ ಪ್ರಶ್ನೆ ಯಾರು ಕೇಳಿದರೂ ‘ಚೀಟಿಯನ್ನು ಮರಳಿ ಹಾಕುತ್ತಾರೋ ಇಲ್ಲವೋ’ ಎಂದು ನಾನು ಮೊದಲು ಕೇಳುವುದು. ನಾನು ಕೇಳದೆಯೇ ನೀವು ಅದನ್ನು ಬರೆದಿದ್ದೀರಿ, ಅದಕ್ಕೆ ನಿಮಗೆ ಎರಡು ಅಂಕ ಹೆಚ್ಚು.

ಹಾಗಾದರೆ ಕೊಡಕ್ಕೆ ಅನ್ಯಾಯವಾಯಿತೇ? ಅದರ ಹತ್ತು ಬಹುಮಾನಗಳು ಎಲ್ಲಿ ಹೋದವು? ಸಾವಿರ ಮನೆಯವರು ಡಬರಿಗೂ ಸಾವಿರ ಮನೆಯವರು ಕೊಡಕ್ಕೂ ಕೈ ಹಾಕಿದರು ಎಂದು ಊಹಿಸಿ. ಸರಾಸರಿಯ ಲೆಕ್ಕದಲ್ಲಿ ಡಬರಿಯ ಕಡೆ 500 ಮನೆಯವರು ಒಂದೊಂದು ತಾಟು ಒಯ್ಯುತ್ತಾರೆ, 500 ಮನೆಯವರು ಬರಿಗೈ. ಕೊಡದ ಕಡೆ 584 ಮನೆಯವರು ಬರಿಗೈ, 339 ಮನೆಗೆ ಒಂದೊಂದು ತಾಟು, 70 ಮನೆಗೆ ಎರಡೆರಡು, ಆರು ಮನೆಗೆ ಮೂರು ಮೂರು. ನಾಲ್ಕು ಸಿಗುವುದು ಸಾವಿರಕ್ಕೆ ಒಂದು ಮನೆಗೂ ಇಲ್ಲ. ಈ ತಾಟುಗಳನ್ನೆಲ್ಲ ಕೂಡಿಸಿ ನೋಡಿ, ಸಣ್ಣ ಚಿಲ್ಲರೆ ಬಿಟ್ಟರೆ 500 ಆಗುತ್ತದೆ! ಎರಡೂ ಕಡೆ ಖರ್ಚಾದ ತಾಟು ಅಷ್ಟೇ. ಡಬರಿ ಅವುಗಳನ್ನು ಮನೆಗೊಂದರಂತೆ ಹಂಚಿತು, ಕೊಡ ಕೆಲವರ ಮನೆಗೆ ಎರಡು ಮೂರು ಕಳಿಸಿ ಉಳಿದವರ ಮನೆಯಿಂದ ಕಿತ್ತುಕೊಂಡಿತು. ನಿಮ್ಮ ಮನೆಯವರು ಹೇಳಿದ ‘ಒಂದೇ’ ಎಂಬುದು ಸರಾಸರಿಗೆ ಸಲ್ಲುತ್ತದೆ. ಮಗನಿಗೂ ಒಂದು ಸಮಾಧಾನ ಹೇಳಬಹುದು: ಅವನಿಗೆ ಎರಡು ತಾಟೇ ಬೇಕಾಗಿದ್ದರೆ ಕೊಡಕ್ಕೇ ಕೈ ಹಾಕಬೇಕಿತ್ತು. ಅಲ್ಲಿ ಎರಡೋ ಹೆಚ್ಚೋ ಸಿಗುವ ಸಂಭವ ಶೇಕಡಾ 7.7; ಡಬರಿಯಲ್ಲಿ ಇರುವುದೇ ಒಂದು. ‘ಯಾವುದು ಮೇಲು’ ಎಂಬ ಪ್ರಶ್ನೆಗೆ ‘ಏನು ಬೇಕಾಗಿದೆ’ ಎಂಬುದು ಗೊತ್ತಾಗದೆ ಉತ್ತರವಿಲ್ಲ.

ನಿಮ್ಮ ಮನೆಯ ಈ ವಾದಕ್ಕೆ ದೊಡ್ಡ ವಂಶಾವಳಿಯೇ ಇದೆ. 1693ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಐಸಾಕ್ ನ್ಯೂಟನ್ನನಿಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ. ಆರು ದಾಳ ಉರುಳಿಸಿ ಒಂದಾದರೂ ಆರು ಬೀಳಿಸುವುದು, ಹನ್ನೆರಡು ದಾಳಗಳಲ್ಲಿ ಎರಡಾದರೂ, ಹದಿನೆಂಟು ದಾಳಗಳಲ್ಲಿ ಮೂರಾದರೂ: ಈ ಮೂರರಲ್ಲಿ ಯಾವುದು ಸುಲಭ? ಮೂರರಲ್ಲೂ ಪಾಲು ಒಂದೇ ಎಂಬುದನ್ನು ಗಮನಿಸಿ. ಪೀಪ್ಸ್‌ಗೆ ಹದಿನೆಂಟೇ ಮೇಲು ಅನ್ನಿಸಿತ್ತು. ನ್ಯೂಟನ್ ಲೆಕ್ಕ ಹಾಕಿ ಆರು ದಾಳಗಳೇ ಮೇಲು ಎಂದು ಉತ್ತರಿಸಿದ. ಶೇಕಡಾ ಲೆಕ್ಕದಲ್ಲಿ 66.5, 61.9, 59.7. ನ್ಯೂಟನ್ನನ ಮಹಾಗ್ರಂಥ ‘ಪ್ರಿನ್ಸಿಪಿಯಾ’ದ ಮುಖಪುಟದಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷನೆಂದು ಅಚ್ಚಾಗಿರುವುದು ಇದೇ ಪೀಪ್ಸ್‌ನ ಹೆಸರು. ಅಂಥವನೂ ನಿಮ್ಮ ಮಗನ ಪಂಕ್ತಿಯಲ್ಲೇ ಕುಳಿತ.

ನಂಬಿಕೆ ಬಾರದಿದ್ದರೆ ಹತ್ತು ಹುಣಸೆ ಬೀಜ ತೆಗೆದುಕೊಳ್ಳಿ. ಒಂದಕ್ಕೆ ಸುಣ್ಣದ ಬೊಟ್ಟಿಡಿ, ಒಣಗಿದ ಮೇಲೆ ಚೀಲಕ್ಕೆ ಹಾಕಿ ಕಣ್ಣು ಮುಚ್ಚಿ ಐದು ತೆಗೆಯಿರಿ. ಮರಳಿ ಹಾಕಿ, ಮತ್ತೆ ತೆಗೆಯಿರಿ, ನಲವತ್ತು ಸಲ. ಬೊಟ್ಟಿನ ಬೀಜ ಸರಿಯಾಗಿ ಇಪ್ಪತ್ತು ಸಲವೇ ಬರಬೇಕೆಂದು ಹಟ ಹಿಡಿಯಬೇಡಿ. ಹದಿನಾಲ್ಕರಿಂದ ಇಪ್ಪತ್ತಾರರ ನಡುವೆ ಎಲ್ಲಿ ನಿಂತರೂ ಅಚ್ಚರಿಯಿಲ್ಲ. ಇನ್ನೊಂದನ್ನು ಈಗಲೇ ಹೇಳಿಬಿಡಬೇಕು: ನಲವತ್ತೇ ಸಲದಲ್ಲಿ ಶೇಕಡಾ 50ಕ್ಕೂ 42ಕ್ಕೂ ಇರುವ ಅಂತರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ನೂರಾರು ಸಲ ಬೇಕು. ಹಬ್ಬದ ಒಂದೇ ಒಂದು ಸಂಜೆಯ ಫಲ ನೋಡಿ ಡಬರಿಯನ್ನು ಬಯ್ಯುವುದು ಎಷ್ಟು ಸರಿ ಎಂದು ನೀವೇ ಹೇಳಿ.

ಇನ್ನು ಚೀಟಿ. ಮೊದಲ ತಿಂಗಳಿನಲ್ಲಿ ಹನ್ನೆರಡು ಜನ, ಹನ್ನೆರಡು ಚೀಟಿ. ಮೊದಲು ಎತ್ತುವವರಿಗೆ 12ರಲ್ಲಿ 1. ಎರಡನೆಯವರಿಗೆ ‘ಶ್ರೀ’ ಸಿಗಬೇಕಾದರೆ ಎರಡು ಸಂಗತಿ ಕೂಡಿಬರಬೇಕು: ಮೊದಲಿನವರಿಗೆ ಖಾಲಿ ಬರಬೇಕು, ಅದು 12ರಲ್ಲಿ 11, ಆಮೇಲೆ ಉಳಿದ 11ರಲ್ಲಿ ಇವರಿಗೆ ಅದು ಬರಬೇಕು, 11ರಲ್ಲಿ 1. ಗುಣಿಸುವಾಗ ಮೇಲಿನ 11 ಕೆಳಗಿನ 11ನ್ನು ಹೊಡೆದುಹಾಕುತ್ತದೆ, ಉಳಿಯುವುದು 12ರಲ್ಲಿ 1. ಮೂರನೆಯವರಿಗೆ 11/12 × 10/11 × 1/10, ಮತ್ತೆ 1/12. ಹೀಗೆ ಒಂದರ ತಲೆಯನ್ನು ಇನ್ನೊಂದರ ಕಾಲು ಹೊಡೆಯುತ್ತ ನಿಮ್ಮ ತನಕ ಬಂದರೂ ನಿಮ್ಮ ಪಾಲು 12ರಲ್ಲಿ 1, ಒಂದು ಎಳ್ಳುಕಾಳಿನಷ್ಟೂ ಕಡಿಮೆಯಿಲ್ಲ. ಭಿನ್ನರಾಶಿ ಬೇಡವೆಂದರೆ ಹೀಗೆ ನೋಡಿ: ಹನ್ನೆರಡೂ ಜನ ಎತ್ತಿ ಮುಷ್ಟಿ ಬಿಗಿ ಹಿಡಿದು ಕುಳಿತಿದ್ದೀರಿ, ಯಾರೂ ಬಿಚ್ಚಿಲ್ಲ. ‘ಶ್ರೀ’ ಯಾವ ಮುಷ್ಟಿಯಲ್ಲಿದೆ? ಯಾರು ಮೊದಲು ಎತ್ತಿದರು ಎಂಬುದು ಆ ಮುಷ್ಟಿಗಳಿಗೆ ಗೊತ್ತೇ ಇಲ್ಲ.

ಆದರೆ ನೀವು ಮುಷ್ಟಿ ಹಿಡಿದು ಕೂರುವುದಿಲ್ಲ, ಎತ್ತಿದವರು ಅಲ್ಲಿಯೇ ಬಿಚ್ಚಿ ನೋಡುತ್ತಾರೆ. ನಿಮ್ಮ ಸಂಕಟ ಹುಟ್ಟುವುದು ಅಲ್ಲಿ. ಹನ್ನೆರಡರಲ್ಲಿ ಹನ್ನೊಂದು ಸಲ ‘ಶ್ರೀ’ ನಿಮಗಿಂತ ಮೊದಲೇ ಹೊರಬೀಳುತ್ತದೆ. ಓಣಿಯ ಮೊದಲ ಮನೆಯವರೂ ಅಷ್ಟೇ ಸಲ ಸೋಲುತ್ತಾರೆ, ಆದರೆ ಅವರು ಸೋಲುವುದು ತಮ್ಮ ಕೈಯಿಂದ. ನೀವು ಸೋಲುವುದು ಬೇರೆಯವರ ಕೈಯಿಂದ, ಇನ್ನೂ ಡಬರಿ ಮುಟ್ಟುವ ಮೊದಲೇ. ಲೆಕ್ಕ ಒಂದೇ, ಉರಿ ಬೇರೆ. ಹಾಗೆಯೇ ನಾಲ್ವರು ಬಿಚ್ಚಿ ನಾಲ್ಕೂ ಖಾಲಿ ಎಂದು ಗೊತ್ತಾದ ಮೇಲೆ ನಿಮ್ಮ ಪಾಲು 8ರಲ್ಲಿ 1ಕ್ಕೆ ಏರುತ್ತದೆ. ಐದನೆಯವರು ‘ಶ್ರೀ’ ತೆಗೆದರೆ ಒಮ್ಮೆಲೇ ಸೊನ್ನೆಗೆ ಇಳಿಯುತ್ತದೆ. ಏರುವುದು ಇಳಿಯುವುದು ಸುದ್ದಿ ಬಂದದ್ದರಿಂದ. ಸುದ್ದಿ ಬರುವ ಮೊದಲಿನ ಪಾಲು ಹಾಗೆಯೇ ಇತ್ತು.

ಗೆದ್ದವರು ಮುಂದಿನ ತಿಂಗಳುಗಳಲ್ಲಿ ಹೊರಗೆ ನಿಲ್ಲುವುದರಿಂದಲೂ ಈ ಲೆಕ್ಕ ಕೆಡುವುದಿಲ್ಲ. ಐದನೆಯ ತಿಂಗಳೇ ಹಣ ಬರುವ ಸಂಭವ ಎಷ್ಟೆಂದು ಇವತ್ತು ಕೇಳಿದರೂ ಅದೇ ಹೊಡೆದಾಟ ನಡೆದು 12ರಲ್ಲಿ 1 ಉಳಿಯುತ್ತದೆ. ಬೇಗ ಬಂದ ಹಣಕ್ಕೂ ತಡವಾಗಿ ಬಂದ ಹಣಕ್ಕೂ ಬಡ್ಡಿಯ ವ್ಯತ್ಯಾಸ ಇದ್ದೇ ಇದೆ, ಆದರೆ ನೀವು ಅದನ್ನು ಕೇಳಿಲ್ಲ.

ಇಷ್ಟು ಹೊತ್ತು ನಾನು ಒಂದು ಮಾತನ್ನು ಸುಮ್ಮನೆ ನಂಬಿಕೊಂಡು ಬಂದೆ: ಡಬರಿಯಲ್ಲಿರುವ ಎಲ್ಲ ಚೀಟಿಗೂ ಕೈಗೆ ಸಿಗುವ ಅವಕಾಶ ಸಮ ಎಂದು. ಈಗ ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ. ‘ಕೊನೆಗೆ ಶ್ರೀ ಎಂದು ಬರೆದ ಒಂದು ಚೀಟಿಯನ್ನು ಹಾಕಿ, ಒಮ್ಮೆ ಅಲುಗಿಸಿ ಇಡುತ್ತೇವೆ.’ ಕೊನೆಗೆ ಹಾಕಿದ್ದು ಮೇಲೆ ಇರುತ್ತದೆ. ಮಡಚಿದ ಕಾಗದ ಗೋಲಿಯಂತೆ ಉರುಳುವುದಿಲ್ಲ, ಒಮ್ಮೆ ಅಲುಗಿಸಿದರೆ ಇದ್ದಲ್ಲೇ ಮಿಸುಕುತ್ತದೆ ಅಷ್ಟೇ. ಮೊದಲು ಎತ್ತುವವರ ಬೆರಳು ಮೇಲಿನದಕ್ಕೇ ಹೋಗುತ್ತದೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲದ ಬಾಯಲ್ಲಿ ಕಾಣುವುದನ್ನಷ್ಟೇ ನಂಬಿ ಬೆಲೆ ಕಟ್ಟಿದರೆ ಬದುಕಿದಂತೆಯೇ. ಒಳಗೆ ಕೈ ಹಾಕಿ ತೆಗೆದು ನೋಡುತ್ತಾರೆ. ಡಬರಿಯ ಮೇಲ್ಪದರವೂ ಚೀಲದ ಬಾಯಿಯ ಹಾಗೆ, ಒಳಗಿನದಕ್ಕೆ ಅದು ಸಾಕ್ಷಿಯಲ್ಲ. ಆದ್ದರಿಂದ ಅಕ್ಕನವರೇ, ಸರದಿಯಿಂದ ಅನ್ಯಾಯವಿಲ್ಲ ಎಂದು ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳದೆಯೇ ಹೇಳುತ್ತೇನೆ, ನಿಮ್ಮ ದೂರಿನಲ್ಲಿ ಹುರುಳಿರಬಹುದು. ಸರಿಯಾಗಿ ಬೆರೆಸದಿದ್ದರೆ ಸರದಿಗೆ ಬೆಲೆ ಬಂದುಬಿಡುತ್ತದೆ.

ಇದು ಓಣಿಯ ಚೀಟಿಯಲ್ಲಿ ಮಾತ್ರ ಆಗುವ ತಪ್ಪಲ್ಲ. 1969ರ ಡಿಸೆಂಬರ್ 1ರಂದು, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಅಮೆರಿಕದವರು ಯಾರನ್ನು ಮೊದಲು ಸೈನ್ಯಕ್ಕೆ ಕರೆಯಬೇಕೆಂದು ಚೀಟಿ ಎತ್ತಿದರು. ವರ್ಷದ 366 ಜನ್ಮದಿನಾಂಕಗಳಿಗೆ ಒಂದೊಂದರಂತೆ 366 ಪ್ಲಾಸ್ಟಿಕ್ ಗುಳಿಗೆಗಳು. ಮೊದಲು ಬಂದ ದಿನಾಂಕ ಸೆಪ್ಟೆಂಬರ್ 14. ಗುಳಿಗೆಗಳನ್ನು ತಿಂಗಳಿನ ಅನುಕ್ರಮದಲ್ಲಿ ಪೆಟ್ಟಿಗೆಗೆ ತುಂಬಿದ್ದರು, ಸಾಕಷ್ಟು ಬೆರೆಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ, ಅದರಲ್ಲೂ ಡಿಸೆಂಬರಿನಲ್ಲಿ, ಹುಟ್ಟಿದವರ ದಿನಾಂಕಗಳು ಇರಬೇಕಾದದ್ದಕ್ಕಿಂತ ಹೆಚ್ಚು ಬೇಗ ಬಂದವು. ಸಂಖ್ಯಾಶಾಸ್ತ್ರಜ್ಞರು ಹಿಡಿದು ಜಾಡಿಸಿದ ಮೇಲೆ, ಮರುವರ್ಷ ದಿನಾಂಕಗಳಿಗೆ ಒಂದು, ಸರದಿಯ ಸಂಖ್ಯೆಗೆ ಇನ್ನೊಂದು, ಹೀಗೆ ಎರಡು ಪೀಪಾಯಿ ಇಟ್ಟು ಎರಡರಿಂದಲೂ ಎತ್ತಿದರು.

ನನ್ನ ವೃತ್ತಿಯಲ್ಲೂ ಒಂದು ನೆನಪಿದೆ. ನಾನು ಮೊದಲು ಕೆಲಸ ಮಾಡಿದ ಕಾಲೇಜಿನಲ್ಲಿ ಪರೀಕ್ಷಾ ಕೊಠಡಿಯ ಕೆಲಸಕ್ಕೆ ಹೆಸರಿನ ಚೀಟಿ ಎತ್ತುತ್ತಿದ್ದೆವು. ಒಬ್ಬ ಹಿರಿಯರ ಹೆಸರು ಎರಡು ವರ್ಷವಾದರೂ ಬಂದದ್ದಿಲ್ಲ. ಒಂದು ದಿನ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸುರುವಿ ನೋಡಿದರೆ ಎಲ್ಲರದೂ ಎರಡು ಮಡಿಕೆ, ಅವರದು ಮಾತ್ರ ಮಾತ್ರೆಯಷ್ಟು ಚಿಕ್ಕದಾಗಿ ಒತ್ತಿ ಮಡಚಿದ್ದು, ತಳಕ್ಕೆ ಇಳಿದು ಕೂತಿರುತ್ತಿತ್ತು. ತಮ್ಮ ಚೀಟಿಯನ್ನು ತಾವೇ ಮಡಚುವ ಹಕ್ಕನ್ನು ಅವರು ಹಿರಿತನದಿಂದ ಉಳಿಸಿಕೊಂಡಿದ್ದರು. ಅವರು ಕಲಿಸುತ್ತಿದ್ದದ್ದು ಗಣಿತವನ್ನೇ.

ಹೀಗಾಗಿ ಮುಂದಿನ ತಿಂಗಳು ಒಂದೇ ಕಾಗದದಿಂದ ಒಂದೇ ಅಳತೆಗೆ ಕತ್ತರಿಸಿ, ಒಬ್ಬರೇ ಕೂತು ಒಂದೇ ಬಗೆಯಲ್ಲಿ ಮಡಚಿ. ಮುಚ್ಚಳ ಹಾಕಿ ಡಬರಿಯನ್ನು ತಲೆಕೆಳಗು ಮಾಡಿ ಹತ್ತಾರು ಸಲ ಕುಲುಕಿ, ತೆಗೆದು ಕೈಯಿಂದ ತಳದ ತನಕ ಕಲಸಿ. ಎತ್ತುವವರು ಆಚೆ ನೋಡುತ್ತ ಎತ್ತಲಿ, ಎಲ್ಲರದೂ ಆದ ಮೇಲೆ ಒಟ್ಟಿಗೆ ಬಿಚ್ಚಿ. ಇಷ್ಟಕ್ಕೆ ಓಣಿಯವರು ‘ಇದೆಲ್ಲ ಎಲ್ಲಿಯ ರಗಳೆ’ ಎಂದರೆ ವಾದ ಮಾಡಬೇಡಿ. ‘ಶ್ರೀ’ ಚೀಟಿಯನ್ನು ಈ ಸಲ ಎಲ್ಲಕ್ಕಿಂತ ಮೊದಲು ಹಾಕೋಣ, ಖಾಲಿಯವು ಮೇಲೆ ಬೀಳಲಿ ಎಂದಷ್ಟೇ ಹೇಳಿ ನೋಡಿ. ಚೆನ್ನಾಗಿ ಕಲಸಿ ಎಂದು ಓಣಿಯ ಮೊದಲ ಮನೆಯವರೇ ಕೂಗುತ್ತಾರೆ.